ಅಮ್ಮನ ಕೈಗುಣ

ಮಹಡಿ ಮೇಲಿನ ಕೋಣೆ,
ಮಾರ್ಚ್ ೧೨, ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿ,

ಹೇಗಿದ್ದೀಯೇ? ಕಾಲಿನ ಬಾವು ಇಳಿಯಿತಾ? ಹೊಟ್ಟೇಲಿರೋದು ಚೆನ್ನಾಗಿ ಒದೀತಿದೆಯಾ, ಇಲ್ಲಾ ಅವರಪ್ಪನ ಹಾಗೆ ಹೊತ್ತೇರೋವರೆಗೂ ಮಲಗಿರುತ್ತಾ? (ಅಳಿಯಂದಿರಿಗೆ ಇದನ್ನ ಓದಿ ಹೇಳಬೇಡ.) ರಕ್ತ ಕಮ್ಮಿ ಇದೆ ಅಂತ ಕೊಟ್ಟ ಮಾತ್ರೆ ನುಂಗ್ತಿದ್ದೀಯ ತಾನೆ? ಬಾಯಿಗೆ ಹಿಡಿಸದ ಮಾತ್ರೇನ ಕಿಟಕಿಯಿಂದ ಎಸೆಯೋ ಬುದ್ಧಿ ನಿನಗೆ ಚಿಕ್ಕಂದಿನಿಂದ ಇದೆ, ಅದಕ್ಕೇ ಕೇಳಿದೆ. ನಾನಂತೂ ಕಲ್ಲುಗುಂಡಿನ ಹಾಗಿದ್ದೀನಿ. ನೆಗಡಿ ಕೂಡ ಇಲ್ಲ. ಆದರೂ ನನ್ನನ್ನ ಕೋಣೇಲಿ ಕೂಡಿಹಾಕಿದ್ದಾರೆ. ಫೋನಲ್ಲಿ ಹೇಳೋಕೆ ಹೋದರೆ ನೀನು ಅಳ್ತೀಯ, ನಾನೂ ಅಳ್ತೀನಿ, ಮಧ್ಯೆ ನಿಮ್ಮಪ್ಪ ಫೋನು ಕಿತ್ಕೊಂಡು ಅಲ್ಲಿ ಸೆಕೆ ಹೇಗಿದೆ ಅಂತ ಶುರು ಮಾಡ್ತಾರೆ. ಅದಕ್ಕೇ ಬರೀತಿದ್ದೀನಿ. ಕೈ ತೊಳೆದು ಬರೆದ ಕಾಗದದಿಂದ ಏನೂ ಭಯವಿಲ್ಲ ಅಂತ ಡಾಕ್ಟರನ್ನ ಕೇಳಿಯೇ ಪೆನ್ನು ಹಿಡಿದೆ.

ಹೋದ ತಿಂಗಳು ಕೆಳಗಡೆ ಶಿಶುವಿಹಾರದಲ್ಲಿ ಮಕ್ಕಳಿಗೆ ಭೇದಿ ಶುರುವಾಯಿತು. ಮೊದಲು ಹಿಡಿದದ್ದು ಟೈಲರಮ್ಮನ ಮಗಳು ಗುಬ್ಬೀನ. ಹಲ್ಲು ಬರೋ ವಯಸ್ಸು, ಹಾಗೇ ಆಗುತ್ತೆ ಅಂತ ನಾನೂ ಅಂದೆ, ಟೀಚರಮ್ಮನೂ ಅಂದರು. ನಾವು ಹೆಂಗಸರು ಮಕ್ಕಳ ಹಲ್ಲಿನ ಮೇಲೆ ಹೊರಿಸದೇ ಇರೋ ಕಾಯಿಲೆ ಯಾವುದಿದೆ ಹೇಳು. ಹಲ್ಲಿಗೂ ಹೊಟ್ಟೆಗೂ ಸಂಬಂಧವೇ ಇಲ್ಲವಂತೆ, ಡಾಕ್ಟರು ಆಮೇಲೆ ಹೇಳಿದರು. ಚಳಿಗಾಲದಲ್ಲಿ ಒಂದು ಸಲ ಎಲ್ಲ ಮಕ್ಕಳಿಗೂ ನೀರು ನೀರಾಗಿ ಹೋಗಿತ್ತಲ್ಲ, ಅದು ವೈರಸ್ಸು. ಮಕ್ಕಳ ಭೇದಿ ಹೆಚ್ಚಾಗಿ ಅದರಿಂದಲೇ ಬರೋದಂತೆ. ಅಂಗಡಿ ಪುಡಿ ಕದಡಿದ ಉಪ್ಪು ಸಕ್ಕರೆ ನೀರನ್ನ ಗುಟುಕು ಗುಟುಕಾಗಿ ಕುಡಿಸ್ತಾ ಕೂತೆ, ಎಲ್ಲವೂ ಎದ್ದು ಆಡಿಕೊಂಡವು. ಈ ಸಲದ್ದು ಆ ಜಾತಿಯಲ್ಲ. ಗುಬ್ಬಿಗೆ ಮೈ ಕೆಂಡದ ಹಾಗೆ ಜ್ವರ, ಬಟ್ಟೆಯಲ್ಲಿ ರಕ್ತ, ಲೋಳೆ. ನೀರು ಕುಡಿಸಿದರೆ ಸಾಲದು, ಆಸ್ಪತ್ರೆಗೇ ಓಡಬೇಕಾಯಿತು. ಬ್ಯಾಕ್ಟೀರಿಯಾ ಅಂತೆ, ಶಿಗೆಲ್ಲ ಅಂತ ಹೆಸರು. ಇಷ್ಟು ಒಳ್ಳೆ ಹೆಸರನ್ನ ಅದಕ್ಕೆ ಯಾಕಿಟ್ಟರೋ ಕಾಣೆ. ಸಾಸಿವೆಯಷ್ಟೂ ಬೇಡ, ಕಣ್ಣಿಗೆ ಕಾಣದಷ್ಟು ಕೈಗೆ ಮೆತ್ತಿಕೊಂಡಿದ್ದರೆ ಸಾಕು, ಇನ್ನೊಂದು ಹೊಟ್ಟೆ ಸೇರುತ್ತೆ. ಗುಬ್ಬಿಗೆ ಕಣ್ಣು ಗುಳಿ ಬಿದ್ದು, ಅತ್ತರೆ ನೀರು ಬರ್ತಿರಲಿಲ್ಲ. ಹೋಗಿಯೇ ಬಿಡ್ತಾಳೆ ಅಂದುಕೊಂಡಿದ್ದೆ. ಉಳಿದಳು. ಬೇರೆ ಮಕ್ಕಳೂ ಸುಧಾರಿಸಿಕೊಂಡವು.

ಆಮೇಲೆ ಆರೋಗ್ಯ ಇಲಾಖೆಯವರು ಬಂದು ನಲ್ಲಿ ನೀರು, ಹಾಲು, ಪಾತ್ರೆ, ಕೊನೆಗೆ ನಮ್ಮೆಲ್ಲರ ಮಲ ಪರೀಕ್ಷೆಗೆ ತಗೊಂಡು ಹೋದರು. ನಾಚಿಕೆ ಬಿಟ್ಟು ಕೊಟ್ಟೆ. ನೀರು ಶುದ್ಧ, ಹಾಲು ಶುದ್ಧ, ಆಯಾ ಶುದ್ಧ. ಅಡುಗೆಯವಳ ಹೊಟ್ಟೆಯಲ್ಲಿ, ಅಂದರೆ ನನ್ನ ಹೊಟ್ಟೆಯಲ್ಲಿ, ಇದೆ. ಒಂದು ದಿನ ಹೊಟ್ಟೆ ಮುರಿದ ಹಾಗೆ ಆಗಿತ್ತು, ಶುಂಠಿ ನೀರು ಕುಡಿದು ಸುಮ್ಮನಾಗಿದ್ದೆ, ಅಷ್ಟೇ. ನನ್ನಿಂದ ಮಕ್ಕಳಿಗೆ ಹೋಯಿತೋ, ಮಕ್ಕಳಿಂದ ನನಗೆ ಬಂತೋ ಹೇಳೋಕಾಗಲ್ಲ ಅಂದರು ಡಾಕ್ಟರು, ಪಾಪ, ಒಳ್ಳೆಯವರು. ಆದರೆ ಊಟ ಬೇಡ ಅಂತ ಹಠ ಹಿಡಿದ ಮಕ್ಕಳನ್ನೆಲ್ಲ ನನ್ನ ಮುಂದೆ ತಂದು ಕೂರಿಸ್ತಿದ್ದರಲ್ಲೇ. ನಿಮ್ಮ ಕೈಗುಣ ಅಮ್ಮ, ನೀವು ಕಲಸಿ ಕೊಟ್ಟರೆ ಕಲ್ಲೂ ತಿಂತಾವೆ, ಅಂತ ತಾಯಂದಿರು ಹೇಳೋರು. ನಾನೂ ಉಬ್ಬಿಹೋಗ್ತಿದ್ದೆ. ಚಮಚ ಬೇಡ, ಕೈತುತ್ತೇ ಮೈಗೆ ಹಿಡಿಯೋದು ಅಂತ ಭಾಷಣ ಬೇರೆ. ಗುಬ್ಬಿ ನಾನು ಕೊಡದಿದ್ದರೆ ಬಾಯೇ ತೆಗೀತಿರಲಿಲ್ಲ.

ಈಗ ನನ್ನ ಲೋಕ ಅಂದರೆ ಈ ಕೋಣೆ, ಪಕ್ಕದ ಬಚ್ಚಲು, ಒಂದು ಕಿಟಕಿ. ಮಾತ್ರೆಯ ಕೋರ್ಸು ಮುಗಿದಿದೆ. ಎರಡು ಸಲದ ಪರೀಕ್ಷೆಯಲ್ಲೂ ಏನೂ ಇಲ್ಲ ಅಂತ ಬರೋವರೆಗೆ ಒಲೆ ಮುಟ್ಟೋ ಹಾಗಿಲ್ಲ, ಮಕ್ಕಳನ್ನ ಮುಟ್ಟೋ ಹಾಗಿಲ್ಲ. ಕೋಣೇಲೇ ಇರಬೇಕು ಅಂತ ಡಾಕ್ಟರು ಹೇಳಲಿಲ್ಲ, ಅದು ನಿಮ್ಮಪ್ಪನ ಕಾನೂನು. ಕೈತೊಳೆದುಕೊಂಡು ಹಿಂದೆ ಬೀಳೋದು ಅಂತ ಗಾದೆ ಮಾತಿಗೆ ಅಂತಿದ್ದೆವು, ಇವರು ನಿಜವಾಗಿ ಸೋಪು ಹಿಡಿದೇ ನನ್ನ ಹಿಂದೆ ಬಿದ್ದಿದ್ದಾರೆ. ತಟ್ಟೆ ಹೊಸ್ತಿಲಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ್ಕೋತಾರೆ. ಇಷ್ಟು ವರ್ಷ ಒಂದೇ ತಟ್ಟೇಲಿ ಉಂಡವರು. ಹೊಸ ಅಡುಗೆಯವಳು ಕೆಳಗೆ ಸೌಟು ಬಡೀತಾಳೆ, ಬೇಳೆ ಸೀದ ವಾಸನೆ ಮೇಲಕ್ಕೆ ಬರುತ್ತೆ, ಮಕ್ಕಳು ಉಣ್ಣಲ್ಲ ಅಂತ ರಾಗ ಎಳೀತಾವೆ, ನಾನು ಮಂಚದ ಮೇಲೆ ಕೂತು ನನ್ನ ಕೈ ನೋಡ್ಕೋತೀನಿ. ಸೋಪು ತಿಕ್ಕಿ ತಿಕ್ಕಿ ಚರ್ಮ ಎದ್ದಿದೆ. ಮೊನ್ನೆ ಟೈಲರಮ್ಮ ಗುಬ್ಬೀನ ಸೊಂಟದ ಮೇಲೆ ಕೂರಿಸ್ಕೊಂಡು ಅಂಗಳಕ್ಕೆ ಬಂದಿದ್ದಳು. ಗುಬ್ಬಿ ಕಿಟಕೀಲಿ ನನ್ನನ್ನ ಕಂಡು ಎರಡೂ ಕೈ ಚಾಚಿದಳು. ಅವಳಮ್ಮ ಬೈಯಲಿಲ್ಲ ಪುಟ್ಟಿ. ಮಗುವಿನ ಮುಖಾನ ತನ್ನ ಭುಜಕ್ಕೆ ಒತ್ತಿಕೊಂಡು ಆ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ನಿನ್ನ ವಿಷಯ. ಚೊಚ್ಚಲು ಬಾಣಂತನಕ್ಕೆ ನಾನೇ ಬರಬೇಕು, ಕೂಸಿನ ಮೈ ನಾನೇ ತೊಳೀಬೇಕು ಅಂತ ನೀನು ದಿನ ಎಣಿಸ್ತಿದ್ದೀಯ, ನನಗೆ ಗೊತ್ತು. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದಿದೆ, ಎರಡನೇದು ಇನ್ನೂ ಬಂದಿಲ್ಲ. ಬರದೆ ನಾನು ಏನೂ ಹೇಳೋ ಹಾಗಿಲ್ಲ. ಅತ್ತ ದರಿ ಇತ್ತ ಪುಲಿ ಆಗಿದೆ ನನ್ನ ಪಾಡು. ಬರದಿದ್ದರೆ ನೀನು ಒಂಟಿ, ಬಂದರೆ ಏನು ತರ್ತೀನೋ ಅನ್ನೋ ದಿಗಿಲು. ನಿಮ್ಮತ್ತೆಯನ್ನ ಒಂದು ಮಾತು ಕೇಳಿಟ್ಟಿರು. ಅವರ ಅಡುಗೆಗೆ ಉಪ್ಪಿಲ್ಲ, ಹುಳಿಯಿಲ್ಲ, ಆದರೂ ಕೈ ಶುದ್ಧ. ಯಾರೇ ಬರಲಿ, ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡೋಕೆ ಬಿಡಬೇಡ, ಒಂದು ಹನಿ ಜೇನೂ ಬೇಡ. ಮೂರು ತಿಂಗಳೊಳಗೆ ಭೇದಿಗೆ ಬಾಯಿಗೆ ಹಾಕೋ ಲಸಿಕೆ ಇದೆಯಂತೆ, ಕೇಳಿ ಹಾಕಿಸು. ಈ ನನ್ನ ರೋಗಾಣುವಿಗೆ ಅದು ನಾಟಲ್ಲವಂತೆ, ವೈರಸ್ಸಿಗೆ ಮಾತ್ರ. ಇದಕ್ಕೆ ಸೋಪೇ ಗತಿ.

ಸುಖವಾಗಿ ಹೆರು ಮಗಳೇ. ನಿನ್ನ ಹೊಟ್ಟೆ ತಣ್ಣಗಿರಲಿ, ಮಡಿಲು ತುಂಬಲಿ. ಅಳಿಯಂದಿರಿಗೂ ನಿಮ್ಮತ್ತೆಗೂ ನಾನು ಕೇಳಿದೆ ಅಂತ ಹೇಳು.

ನಿನ್ನ,
ಅಮ್ಮ

ತಾ.ಕ.: ಕಾಗದ ಮಡಚುವಾಗಲೇ ಡಾಕ್ಟರ ಫೋನು ಬಂತು. ಎರಡನೇದರಲ್ಲೂ ಏನೂ ಇಲ್ಲ, ಧಾರಾಳವಾಗಿ ಹೋಗಿ ಬನ್ನಿ ಅಂದರು. ನಿಮ್ಮಪ್ಪ ಬಾಗಿಲು ಪೂರ್ತಿ ತೆಗೆದು, ಟಿಕೆಟ್ ಮಾಡಿಸಲಾ ಅಂತ ಕೇಳ್ತಾ ನಿಂತಿದ್ದಾರೆ. ನನಗೆ ಮಂಚದಿಂದ ಏಳೋಕಾಗ್ತಿಲ್ಲ ಪುಟ್ಟಿ. ಡಾಕ್ಟರು ನಂಬಿದರು, ಇವರು ನಂಬಿದರು, ನನಗೇ ನನ್ನ ಕೈ ಮೇಲೆ ನಂಬಿಕೆ ಇಲ್ಲ. ಇಷ್ಟೆಲ್ಲ ಓದಿದ ಮೇಲೆ ಕೂಸನ್ನ ನನ್ನ ಕೈಗೆ ಕೊಡ್ತೀಯಾ? ಕನಿಕರಕ್ಕೆ ಹೂಂ ಅನ್ನಬೇಡ. ಕೊಡೋಳಾದರೆ ಫೋನ್ ಮಾಡಿ, ಬಾ ಅಮ್ಮ ಅನ್ನು, ಸಾಕು.