ಹದಿನಾಲ್ಕನೇ ಹಾಸಿಗೆ

ಪ್ರಾಂಶುಪಾಲರಿಗೆ ಮಮತಳ ನಮಸ್ಕಾರ.

ಮೇಡಂ, ತಪಾಸಣೆಗೆ ಬಂದವರ ಜೊತೆ ನೀವು ಊಟಕ್ಕೆ ಕೂತಿದ್ದೀರಿ, ಫೋನ್ ಎತ್ತುತ್ತಿಲ್ಲ. ಅದಕ್ಕೇ ಎರಡನೇ ವರ್ಷದ ಸಿಂಚನಳ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ.

ನಮ್ಮ ನರ್ಸಿಂಗ್ ಕಾಲೇಜಿಗೆ ನೂರು ಸೀಟು ಸಿಗಬೇಕಾದರೆ ಆಸ್ಪತ್ರೆಯ ವಾರ್ಡು ತುಂಬಿರಬೇಕು ಎಂದಿರಿ. ಸಮೇತನಹಳ್ಳಿಯಿಂದ ಎರಡು ವ್ಯಾನು ಜನರನ್ನು ಕರೆತಂದು ರೋಗಿಗಳೆಂದು ಮಲಗಿಸಿದವಳು ನಾನೇ. ಎಲ್ಲರ ಬಿ.ಪಿ. ನೂರಿಪ್ಪತ್ತು-ಎಂಬತ್ತು ಎಂದು ಬರೆಯಿರಿ ಅಂತ ಹುಡುಗಿಯರಿಗೆ ಹೇಳಿದವಳೂ ನಾನೇ.

ಸಿಂಚನ ಮಾತ್ರ ಹದಿನಾಲ್ಕನೇ ಹಾಸಿಗೆಯ ಮುತ್ಯಾಲಮ್ಮನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ನಿಜವಾಗಿಯೇ ನೋಡಿಬಿಟ್ಟಳು. ಇನ್ನೂರಿಪ್ಪತ್ತು-ನೂರಮೂವತ್ತು. ನಿನಗ್ಯಾರು ನೋಡು ಅಂದರು ಎಂದು ಬೈದೆ. ಆಮೇಲೆ ನಾನೇ ಎರಡು ಸಲ ನೋಡಿದೆ, ಅಷ್ಟೇ ಇದೆ.

"ಬೆಳಿಗ್ಗಿಂದ ಎಡಗೈ ಜೋಮು ಹಿಡ್ದಂಗದೆ ಕಣವ್ವ. ನಾಲ್ಕಕ್ಕೆ ವ್ಯಾನು ಬಿಡ್ತಾರಲ್ವಾ? ಹಸ ಕರೀಬೇಕು" ಅನ್ನುತ್ತಾರೆ. ಮಾತು ತೊದಲುತ್ತಿದೆ.

ಡಾಕ್ಟರು ನಿಮ್ಮ ಪಕ್ಕದಲ್ಲೇ ಇದ್ದಾರೆ. ಅವರನ್ನು ಈಗಲೇ ಕಳಿಸಿ. ಆಂಬುಲೆನ್ಸಿಗೂ ಹೇಳಿ. ಇವರನ್ನು ದಯವಿಟ್ಟು ವ್ಯಾನಿನಲ್ಲಿ ವಾಪಸ್ ಕಳಿಸುವುದು ಬೇಡ.

ಕಾಲೇಜು ಛತ್ರದ ಮಹಡಿಯಲ್ಲಿ ಶುರುವಾದಾಗ ನಾವು ಹದಿನೆಂಟು ಜನ ಚಾಪೆಯ ಮೇಲೆ ಕೂರುತ್ತಿದ್ದೆವು. ನೋಡದೆ ಬರೆಯುವವಳು ನರ್ಸ್ ಅಲ್ಲ ಎಂದು ಮೊದಲ ದಿನವೇ ಹೇಳಿದ್ದಿರಿ. ಆ ಮಾತನ್ನು ನಾನು ಸಿಂಚನಳ ಬ್ಯಾಚಿಗೂ ಹೇಳಿಕೊಟ್ಟಿದ್ದೆ. ಅವಳು ನೆನಪಿಟ್ಟುಕೊಂಡಿದ್ದಾಳೆ.

ಚಾರ್ಟಿನಲ್ಲಿ ನಿಜವಾದ ಅಂಕಿಯನ್ನೇ ಬರೆದು ನಾನು ಸಹಿ ಹಾಕಿದ್ದೇನೆ. ಐದು ನಿಮಿಷ ನೋಡುತ್ತೇನೆ. ಆಮೇಲೆ ಸ್ಟ್ರೆಚರ್ ತಳ್ಳಿಕೊಂಡು ಊಟದ ಹಾಲಿಗೇ ಬರುತ್ತೇನೆ.

ನಿಮ್ಮ ಮೊದಲ ಬ್ಯಾಚಿನ,
ಮಮತ