ತೊಟ್ಟಿಯಲ್ಲಿ ಮುಳುಗಿದವರಿಗಷ್ಟೇ ಆರನೇ ತರಗತಿ

ರಾಜ್ಯದ ಚಾರ್ಟರ್ ಶಾಲಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಬರುವ ಶುಕ್ರವಾರ ನನ್ನ ಮೊಮ್ಮಗಳು ಟ್ಯಾನ್ಸಿಯನ್ನು ಶಾಲೆಯವರು ಅಂಗಳದಲ್ಲಿ, ದನ ನೀರು ಕುಡಿಯುವ ತಗಡಿನ ತೊಟ್ಟಿಯೊಳಗೆ ದೀಕ್ಷಾಸ್ನಾನವೆಂದು ಮುಳುಗಿಸಲಿದ್ದಾರೆ. ಗಾಬರಿಯಾಗಬೇಡಿ, ಮತ್ತೆ ಮೇಲಕ್ಕೆತ್ತುತ್ತಾರಂತೆ. ಗಾಬರಿ ಬೀಳುವ ಕೆಲಸ ನನಗಿರಲಿ. ಅವಳ ಕಿವಿ ಬೇರೆ ಸೋರುತ್ತದೆ. ಮುಳುಗಿ ಎದ್ದವರಿಗೆ ಆರನೇ ತರಗತಿ, ಮುಳುಗದವರಿಗೆ ಬಾಗಿಲು ಬಂದ್. ಇದು ಖಾಸಗಿಯವರು ನಡೆಸಲೆಂದು ನೀವು ಚಾರ್ಟರ್ ಮಂಜೂರು ಮಾಡಿದ, ಆದರೂ ಎಲ್ಲರ ತೆರಿಗೆಯಿಂದ ನಡೆಯುವ ಶಾಲೆ.

ದೇವರಿಲ್ಲದವಳು ಎಂದು ನನ್ನನ್ನು ಪಕ್ಕಕ್ಕೆ ಸರಿಸಬೇಡಿ. ನಾನು ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತಳು, ನಮ್ಮಮ್ಮನೂ ಹಾಗೆಯೇ. ನಮ್ಮಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸುವುದಿಲ್ಲ. ತಾನಾಗಿ ಎದ್ದು ಬಂದು, ನನಗೆ ನಂಬಿಕೆ ಹುಟ್ಟಿದೆ ಎಂದವರಿಗೆ ಮಾತ್ರ ದೀಕ್ಷಾಸ್ನಾನ. ನಾನು ಹೊಳೆಗಿಳಿದದ್ದು ಮೂರು ಮಕ್ಕಳ ತಾಯಿಯಾದ ಮೇಲೆ. ಅಲ್ಲಿಯತನಕ ಪಾದ್ರಿಗಳು ಸುಮ್ಮನೆ ಕಾದರು. ಒತ್ತಾಯದ ಸ್ನಾನದಿಂದ ಮೈ ಒದ್ದೆಯಾಗುತ್ತದೆ, ಅಷ್ಟೇ. ಸರ್ಕಾರ ಚರ್ಚಿನ ಹೊಸ್ತಿಲ ಆಚೆಗಿರಲಿ ಎಂದು ಹಟ ಹಿಡಿದವರಲ್ಲಿ ನಮ್ಮ ಹಿರಿಯರೂ ಇದ್ದರಲ್ಲವೇ?

ಕಳೆದ ತಿಂಗಳು ಶಾಲೆಯ ಪ್ರಾರ್ಥನೆಯಲ್ಲಿ, “ಎಲ್ಲರೂ ತಲೆ ತಗ್ಗಿಸಿ ಕಣ್ಮುಚ್ಚಿ, ಯೇಸುವನ್ನು ಒಪ್ಪಿಕೊಂಡವರು ಕೈ ಎತ್ತಿ” ಎಂದರಂತೆ. ಯಾರೂ ಯಾರನ್ನೂ ನೋಡಬಾರದೆಂದೇ ಆ ಕಣ್ಮುಚ್ಚುವ ಪದ್ಧತಿ ಇರುವುದು. ಟ್ಯಾನ್ಸಿ ಕೈ ಎತ್ತಲಿಲ್ಲ. ನಿಮ್ಮ ಹುಡುಗಿ ಕೈ ಎತ್ತಲಿಲ್ಲ ಎಂದು ಮರುದಿನವೇ ಶಾಲೆಯಿಂದ ಮನೆಗೆ ಫೋನು ಬಂತು. ಹಾಗಾದರೆ ಅಂದು ಕಣ್ಣು ಬಿಟ್ಟುಕೊಂಡಿದ್ದವರು ಯಾರು, ಅಧ್ಯಕ್ಷರೇ?

ಬುಧವಾರ ಚರ್ಚಿನ ಊಟಕ್ಕೆ ಬೀನ್ಸ್ ಪಾತ್ರೆ ಹೊತ್ತು ಹೋದಾಗ ಮುಖ್ಯೋಪಾಧ್ಯಾಯ ಹಾಲಿಸ್ ಪೆಟ್ರಿ ಸಿಕ್ಕರು.

“ಅಯ್ಯೋ ವೆಲ್ಡಾ ಅಕ್ಕ, ಒಂದ್ಸಲ ಮುಳುಗೆದ್ರೆ ಮುಗೀತು. ಇಷ್ಟಕ್ಕೆ ಯಾಕ್ ಒದ್ದಾಡ್ತೀರಿ?”

“ಅವಳಿಗಿನ್ನೂ ನಂಬಿಕೆ ಬಂದಿಲ್ಲ ಕಣಪ್ಪ.”

“ಮೊದ್ಲು ಮುಳುಗ್ಲಿ, ಹಿಂದೇನೇ ಬರುತ್ತೆ. ನಾವೇನ್ ನಿಮ್ಮನ್ನ ಕಟ್ಟಾಕಿದೀವಾ? ಬೇಡಾಂದ್ರೆ ಬೇರೆ ಶಾಲೆ ನೋಡ್ಕೊಳ್ಳಿ.”

ಬೇರೆ ಶಾಲೆ! ಊರಿನ ಸರ್ಕಾರಿ ಶಾಲೆ ಮುಚ್ಚಿ, ಅದೇ ಕಟ್ಟಡದಲ್ಲಿ ಇವರು ಕೂತಿದ್ದಾರೆ. ಪಕ್ಕದ ಊರಿಗೆ ಬಸ್ಸಿಲ್ಲ. ನನ್ನ ಕಣ್ಣಿಗೆ ಪೊರೆ ಬಂದು ಕಾರು ಓಡಿಸುವುದು ಬಿಟ್ಟಿದ್ದೇನೆ. ಟ್ಯಾನ್ಸಿಯ ತಾಯಿ, ನನ್ನ ಮಗಳು, ತೀರಿಕೊಂಡಿದ್ದಾಳೆ. ಮನೆಯಲ್ಲೇ ಕಲಿಸಿ ಎನ್ನುವಿರೇನೋ. ಭಿನ್ನರಾಶಿ ಶುರುವಾಗುವ ಮೊದಲೇ ಶಾಲೆ ಬಿಡಿಸಿಕೊಂಡು ತಂಗಿಯರನ್ನು ಸಾಕಿದವಳು ನಾನು, ಏನು ಕಲಿಸಲಿ? ಈ ಮಗುವೂ ನನ್ನ ಹಾಗೆ ಅರ್ಧಕ್ಕೇ ನಿಂತುಬಿಟ್ಟರೆ ಎಂಬ ಭಯಕ್ಕೆ ಊಟ ಸೇರುತ್ತಿಲ್ಲ.

ನಿನ್ನೆ ಅವಳೇ ಕೇಳಿದಳು: “ಅಜ್ಜಿ, ನಂಬ್ತೀನಿ ಅಂತ ಸುಳ್ಳು ಹೇಳ್ಬಿಡ್ಲಾ? ನೀರಲ್ಲಿ ನಿಂತು ಹೇಳಿದ್ ಸುಳ್ಳನ್ನ ದೇವ್ರು ಕ್ಷಮಿಸ್ತಾನಾ?”

ನೀರಿಗಿಳಿಯದ ಮಗುವಿಗೂ ಆರನೇ ತರಗತಿ ಉಂಟೆಂದು ಶುಕ್ರವಾರದೊಳಗೆ ಆದೇಶ ಹೊರಡಿಸಿ. ಆಗದಿದ್ದರೆ ತಾವೇ ಬಂದು ತೊಟ್ಟಿಯ ಪಕ್ಕ ನಿಂತು, ಸುಳ್ಳು ಹೇಳಬೇಕೋ ಶಾಲೆ ಬಿಡಬೇಕೋ ಎಂದು ಅವಳಿಗೆ ನಿಮ್ಮ ಬಾಯಿಂದಲೇ ಹೇಳಿ. ನನ್ನಿಂದಾಗದು.

ಇಂತಿ,
ಇಷ್ಟು ದಿನ ದೇವರೊಬ್ಬನಿಗೇ ಹೆದರಿ, ಈಗ ನಿಮಗೂ ಹೆದರಬೇಕಾಗಿ ಬಂದಿರುವ
ವೆಲ್ಡಾ ಸ್ಟ್ರೌಪ್