ಬಾಡಿಗೆ ಇಳಿಯುತ್ತಾ ಹೋದ ಮನೆ

ಜೂನ್ ೮, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಹೋದ ತಕ್ಷಣ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿಯಲ್ಲಿ ಮಾತು ಕೊಟ್ಟವಳು ಇಷ್ಟು ದಿನ ಸುಮ್ಮನಿದ್ದೆ, ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಲೆಕ್ಕ ಹೇಳಿದರೆ ನೀನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ.

ನಾವಿಬ್ಬರೂ ನಿನ್ನ ಅಡುಗೆಮನೆಯಲ್ಲಿ ಕೂತು ಹಾಕಿದ ಖರ್ಚಿನ ಲೆಕ್ಕ ಮೊದಲ ವಾರವೇ ನೆಲಕಚ್ಚಿತು. ಸಂಬಳ ಜಾಸ್ತಿ ಎಂದು ಕುಣಿದೆವಲ್ಲ, ಬೇರೆ ರಾಜ್ಯಕ್ಕೆ ಹೋದರೆ ಖರ್ಚೂ ಜೊತೆಗೇ ಗಂಟುಮೂಟೆ ಕಟ್ಟಿಕೊಂಡು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು! ಸ್ಕೂಟರ್ ಇಲ್ಲಿ ಓಡಿಸಬೇಕಾದರೆ ಹೊಸದಾಗಿ ತೆರಿಗೆ ಕಟ್ಟಿ ನಂಬರ್ ಬದಲಿಸಬೇಕಂತೆ. ಆ ತೆರಿಗೆ ಗಾಡಿಯ ಬೆಲೆಗೇ ಸಮ. ಹಾಗಾಗಿ ಅದು ಮೆಟ್ಟಿಲ ಕೆಳಗೆ ಮುಸುಕು ಹೊದ್ದು ಮಲಗಿದೆ, ನಾನು ಬಸ್ಸಿಗೆ ದುಡ್ಡು ಸುರಿಯುತ್ತಿದ್ದೇನೆ. ನಮ್ಮ ಪುಟಾಣಿಯ ಶಾಲೆಯ ಪುಸ್ತಕ ಬೇರೆ, ಬಟ್ಟೆ ಬೇರೆ. ಅಲ್ಲಿಯ ಆಸ್ಪತ್ರೆ ಕಾರ್ಡು ಇಲ್ಲಿ ನಡೆಯುವುದಿಲ್ಲ. ಕೊನೆಯಲ್ಲಿ ‘ಇತರೆ’ ಎಂದು ಒಂದು ಸಾಲು ಬರೆದಿದ್ದೆವಲ್ಲ, ಈಗ ಅದೇ ಯಜಮಾನ, ಉಳಿದದ್ದೆಲ್ಲ ಅದರ ಕೈಕೆಳಗೆ.

ಬೇರೆ ರಾಜ್ಯವಾದರೂ ಬೀದಿಯಲ್ಲಿ ನಮ್ಮ ಮಾತೇ ನಡೆಯುತ್ತದೆ, ಅದೊಂದು ಸಮಾಧಾನ. ಕೆಲಸ ಚೆನ್ನಾಗಿದೆ. ಅದೇ ಹಲ್ಲಿನ ಸೆಟ್ಟು ಮಾಡುವ ಲ್ಯಾಬು, ಅದೇ ಮೇಣ, ಅದೇ ಅಚ್ಚು. ದಿನವಿಡೀ ಕಂಡವರ ನಗು ಜೋಡಿಸಿ ಜೋಡಿಸಿ ಸಂಜೆ ನನ್ನ ಮುಖ ಗಂಟಿಕ್ಕಿಕೊಂಡಿರುತ್ತದೆ.

ಒಂದು ಒಳ್ಳೆಯ ಸುದ್ದಿ, ಮನೆ. ದಲ್ಲಾಳಿ ತೋರಿಸಿದ ಮನೆಗಳೆಲ್ಲ ಅರ್ಧ ಸಂಬಳ ನುಂಗುವಂಥವು, ಮೇಲೆ ಮುಂಗಡ ಬೇರೆ. ಕೊನೆಗೆ ಈ ಮಹಡಿ ಮನೆ ಸಿಕ್ಕಿತು. ಕೆಳಗೆ ಯಜಮಾನಿ ಒಬ್ಬರೇ ಇರುತ್ತಾರೆ. ಮೊದಲು ಶಾಲೆಯ ಮಕ್ಕಳಿಗೆ ಬಟ್ಟೆ ಹೊಲಿಯುತ್ತಿದ್ದರಂತೆ, ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಮುಂಗಡ ಎಷ್ಟು ಎಂದು ಕೇಳಿದರೆ ಅವರು ನನ್ನ ಮುಖ ನೋಡಲಿಲ್ಲ, ಪುಟಾಣಿಯನ್ನೇ ನೋಡುತ್ತಾ, “ಮಗು ಇರೋ ಸಂಸಾರ. ಮುಂಗಡ ಏನು ತಗೊಳ್ಳೋದಮ್ಮ? ಇವತ್ತೇ ಬನ್ನಿ” ಎಂದರು. ನನ್ನ ಅದೃಷ್ಟ ನೋಡು!

ಭಾವನಿಗೆ ನಮಸ್ಕಾರ, ನಿನ್ನ ಮಗನಿಗೆ ಮುತ್ತು.

ನಿನ್ನ ತಂಗಿ


ಆಗಸ್ಟ್ ೧೭

ಅಕ್ಕಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಲ್ಯಾಬಿನಲ್ಲಿ ಹೆಚ್ಚಿನ ಹೊತ್ತು ಕೆಲಸ ಒಪ್ಪಿಕೊಂಡಿದ್ದೇನೆ, ಅದಿಲ್ಲದೆ ತಿಂಗಳು ದಾಟುತ್ತಿರಲಿಲ್ಲ. ನಾನು ಬರುವುದು ತಡವಾದರೆ ಪುಟಾಣಿ ಟೈಲರಮ್ಮನ ಹತ್ತಿರ ಇರುತ್ತಾಳೆ. ಬಿಸಿ ಊಟ ಅಲ್ಲೇ, ಪಾಠ ಅಲ್ಲೇ, ಕೆಲವು ಸಲ ನಿದ್ದೆಯೂ ಅಲ್ಲೇ. ಕರೆಂಟಿನ ದುಡ್ಡು ಬೇಡ ಎಂದರು. ಆಮೇಲೆ ಹಾಲಿನದೂ ಬೇಡ ಎಂದರು. ಈ ತಿಂಗಳು ಬಾಡಿಗೆ ಕೊಡಲು ಹೋದರೆ ಅರ್ಧ ತೆಗೆದುಕೊಂಡು ಉಳಿದದ್ದನ್ನು ನನ್ನ ಕೈಗೇ ಮಡಚಿಟ್ಟು, “ಮಗೂಗೆ ಒಂದು ಮಂಚ ತರಿಸ್ಲಾ? ಕೆಳಗೇ ಹಾಕಿಸ್ತೀನಿ” ಎಂದರು. ಆಗಲಿ ಎಂದು ದುಡ್ಡನ್ನು ಪರ್ಸಿಗೆ ಹಾಕಿಕೊಂಡೆ.

ಒಂದು ವಿಷಯ ಮಾತ್ರ ಮನಸ್ಸಿಗೆ ಅಷ್ಟು ಹಿತವಾಗಲಿಲ್ಲ. ಮೊನ್ನೆ ಬಂದು ನೋಡಿದರೆ ಪುಟಾಣಿಯ ಉದ್ದ ಜಡೆ ಇಲ್ಲ! ಹಣೆಯ ಮೇಲೆ ಸಾಲಾಗಿ ಕತ್ತರಿಸಿದ ಕೂದಲು. ಕೇಳಿದರೆ “ಹೇನಾಗಿತ್ತಮ್ಮ” ಎಂದರು. ತಲೆ ಬಾಚುವವಳು ನಾನು, ಒಂದೇ ಒಂದು ಹೇನೂ ಇರಲಿಲ್ಲ. ಅವರ ನಡುಮನೆಯಲ್ಲಿ ಮೊಮ್ಮಗಳ ಫೋಟೊ ಇದೆ. ಆ ಹುಡುಗಿಯ ಕೂದಲೂ ಹಾಗೇ. ಮಗಳ ಜೊತೆ ದೂರದಲ್ಲಿದ್ದಾಳೆ ಎಂದಷ್ಟೇ ಹೇಳಿದರು, ಎಲ್ಲಿ ಎನ್ನಲಿಲ್ಲ. ಅವಳನ್ನು ಬಂಗಾರಿ ಎಂದು ಕರೆಯುತ್ತಿದ್ದರಂತೆ. ಈಗ ನಮ್ಮವಳೂ ಬಂಗಾರಿಯೇ.

ಒಂಟಿ ಜೀವ, ಆಸೆ ಇರುತ್ತದೆ. ನಾನೇ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುತ್ತಿದ್ದೇನೇನೋ. ಈ ಬಾಡಿಗೆಗೆ ಊರೆಲ್ಲ ಹುಡುಕಿದರೂ ಒಂದು ಕೋಣೆ ಸಿಗುವುದಿಲ್ಲ.

ತಂಗಿ


ನವೆಂಬರ್ ೩, ಲ್ಯಾಬಿನಿಂದ

ಪ್ರೀತಿಯ ಅಕ್ಕನಿಗೆ,

ನೀನು ನಾಲ್ಕು ಸಲ ಫೋನ್ ಮಾಡಿದರೂ ‘ಚೆನ್ನಾಗಿದ್ದೇವೆ’ ಎಂದು ಇಟ್ಟುಬಿಟ್ಟೆ, ಕ್ಷಮಿಸು. ಮನೆಯಲ್ಲಿ ಮಾತಾಡಿದರೆ ಕೆಳಗೆ ಕೇಳಿಸುತ್ತದೆ. ನಾನು ಫೋನ್ ಎತ್ತಿದ ಕೂಡಲೇ ಕೆಳಗಿನ ಹೊಲಿಗೆ ಯಂತ್ರ ನಿಲ್ಲುತ್ತದೆ, ಇಟ್ಟ ಮೇಲೆ ಮತ್ತೆ ಶುರುವಾಗುತ್ತದೆ. ಅದಕ್ಕೇ ಊಟದ ಬಿಡುವಿನಲ್ಲಿ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಹೋದ ವಾರ ಬೇಗ ಬಿಡುವಾಯಿತೆಂದು ನಾನೇ ಶಾಲೆಗೆ ಹೋದೆ. ಪುಟಾಣಿಯನ್ನು ಕರೆದೊಯ್ಯಲು ಬಂದೆ ಎಂದಾಗ ಗೇಟಿನಲ್ಲಿ ಟೀಚರ್ ನನ್ನನ್ನು ತಡೆದು, “ಬಂಗಾರಿನ ಅವರಜ್ಜಿ ಆಗ್ಲೇ ಕರ್ಕೊಂಡು ಹೋದ್ರಲ್ಲ. ನೀವ್ಯಾರು?” ಎಂದರು.

“ನಾನು ಅವಳಮ್ಮ” ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಮ್ಮ ಬೇರೆ ಊರಲ್ಲಿ ಕೆಲಸದಲ್ಲಿದ್ದಾರೆ ಅಂದಿದ್ರಲ್ಲಾ ಅಜ್ಜಿ” ಎಂದರು. ಈ ಅವಧಿಯ ಫೀಸು ಕೂಡ ಅವರೇ ಕಟ್ಟಿದ್ದಾರೆ. ಇನ್ನೂ ಸಮಯವಿದೆ ಎಂದುಕೊಂಡು ನಾನು ದುಡ್ಡು ಹೊಂದಿಸುತ್ತಿದ್ದೆ.

ಅಲ್ಲಿಂದ ಬರುವಾಗ ತಲೆನೋವಿಗೆ ಮಾತ್ರೆ ಕೇಳಲು ಬೀದಿಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಚಿಲ್ಲರೆ ಕೊಡುತ್ತಾ ತಗ್ಗಿದ ದನಿಯಲ್ಲಿ, “ಟೈಲರಮ್ಮನ ಮಹಡಿ ಮೇಲಿರೋದು ನೀವೇ ಅಲ್ವಾ? ಬಾಡಿಗೆ ಎಷ್ಟಕ್ಕೆ ಇಳಿಸಿದ್ದಾರೆ?” ಎಂದರು.

“ಯಾಕೆ ಕೇಳ್ತೀರಿ?”

“ಅವರ ಸ್ವಂತ ಮಗಳು ಒಂದು ಬೆಳಿಗ್ಗೆ ಕೂಸನ್ನ ಎತ್ಕೊಂಡು ಹೋದೋಳು ಎಲ್ಲಿದ್ದೀನಿ ಅಂತ ಇವತ್ತಿಗೂ ತಿಳಿಸಿಲ್ಲ. ಹೋಗೋ ಮುಂಚೆ ನನ್ನ ಹತ್ರ ಬಂದು ಅಳ್ತಿದ್ಲು ಪಾಪ, ಮಗು ನನ್ನ ಮಾತೇ ಕೇಳಲ್ಲ, ಅಮ್ಮ ಅಂತಾನೇ ಕರೆಯಲ್ಲ ಅಂತ. ಆಮೇಲೆ ಒಂದು ಸಂಸಾರ ಬಂತು, ಅವರಿಗೂ ಹೆಣ್ಣು ಮಗು. ಕೊನೆಕೊನೆಗೆ ಅವರು ಬಾಡಿಗೇನೇ ಕೊಡ್ತಿರಲಿಲ್ಲ. ಸಾಮಾನು ಅರ್ಧ ಬಿಟ್ಟು ಹೋದ್ರು.” ಇಷ್ಟು ಹೇಳಿ, “ನಾನು ಹೇಳ್ದೆ ಅನ್ಬೇಡಿ” ಎಂದು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು.

ಅವತ್ತೇ ತೀರ್ಮಾನ ಮಾಡಿದೆ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ನೋಡಿದ್ದೇನೆ. ಗೋಡೆ ತೇವ, ನೀರು ದಿನ ಬಿಟ್ಟು ದಿನ, ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಸ್ಕೂಟರ್ ಮಾರಿ ಮುಂಗಡ ಕೊಟ್ಟೆ. ಟೈಲರಮ್ಮ ಕಟ್ಟಿದ ಫೀಸನ್ನು ಕಂತಿನಲ್ಲಿ ತೀರಿಸುತ್ತೇನೆ. ಹೇಗೆ ಎಂದು ಕೇಳಬೇಡ, ಇನ್ನೂ ಗೊತ್ತಿಲ್ಲ.

ನಿನ್ನೆ ಕೆಳಗೆ ಹೋಗಿ ಮನೆ ಬಿಡುತ್ತೇನೆ ಎಂದೆ. ಟೈಲರಮ್ಮ ಕಿರುಚಲಿಲ್ಲ, ಅಳಲಿಲ್ಲ. ಸೂಜಿಗೆ ದಾರ ಪೋಣಿಸಿ ಗಂಟು ಹಾಕಿ, ನಿಧಾನವಾಗಿ ಹೇಳಿದರು: “ನಿನಗೆ ಕಷ್ಟ ಅಂತ ಗೊತ್ತಮ್ಮ. ದುಡಿಯೋ ಹೆಂಗಸು. ನೀನು ಹೋಗು, ಒಂದು ಕಡೆ ನೆಲೆ ಮಾಡ್ಕೋ. ಮಗು ಇಲ್ಲಿರಲಿ. ನಿನಗೊಂದು ಕಾಸೂ ಖರ್ಚಾಗಲ್ಲ.” ಪುಟಾಣಿ ಅವರ ಕುರ್ಚಿಗೆ ಒರಗಿ ನಿಂತಿದ್ದಳು, ಹೊಸ ಫ್ರಾಕು. “ನಾನು ಅಜ್ಜಿ ಹತ್ರಾನೇ ಇರ್ತೀನಿ. ನೀನು ರಜೆಯಲ್ಲಿ ಬಾ” ಎಂದಳು. ನೆಂಟರಿಗೆ ಹೇಳುವ ಹಾಗೆ ಹೇಳಿದಳು, ಅಕ್ಕಾ.

ಆಗಲ್ಲ ಎಂದೆ. ಕೈ ಹಿಡಿದು ಎಳೆದುಕೊಂಡೇ ಮೇಲೆ ಕರೆತಂದೆ. ಈ ಶನಿವಾರ ಹೊರಡುತ್ತೇವೆ. ನೀನು ಬರಬೇಕು. ಟಿಕೆಟ್ಟಿಗೆ ಭಾವನ ಹತ್ತಿರ ಕೇಳು, ನನ್ನ ಹತ್ತಿರ ಸತ್ಯವಾಗಿಯೂ ಇಲ್ಲ. ಆ ಮೆಟ್ಟಿಲು ಇಳಿಯುವಾಗ ನನ್ನ ಜೊತೆ ನಮ್ಮವರು ಒಬ್ಬರು ಇರಬೇಕು. ಅವಳು ಕೈ ಬಿಡಿಸಿಕೊಂಡು ಓಡಿದರೆ ಹಿಡಿಯಲು ಇನ್ನೊಂದು ಜೊತೆ ಕೈ ಬೇಕು.

ನಿನ್ನ ಮಗ ನೂರು ಕಾಲ ಚೆನ್ನಾಗಿರಲಿ. ಅವನನ್ನು ಹತ್ತಿರ ಮಲಗಿಸಿಕೋ. ನಮ್ಮಿಬ್ಬರನ್ನೂ ಮನಸ್ಸಿನಲ್ಲೇ ಹರಸು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ‘ಆಗಲ್ಲ’ ಎಂದೆ ಎಂದು ಬರೆದೆನಲ್ಲ, ತಕ್ಷಣ ಅನ್ನಲಿಲ್ಲ ಅಕ್ಕ. ಟೈಲರಮ್ಮ ಹಾಗೆಂದಾಗ ನನ್ನ ಮನಸ್ಸು ತಾನಾಗಿಯೇ ಲೆಕ್ಕಕ್ಕೆ ಇಳಿಯಿತು. ಶಾಲೆ ಇಲ್ಲ, ಹಾಲಿಲ್ಲ, ಎರಡನೇ ಹಾಸಿಗೆ ಇಲ್ಲ, ಒಬ್ಬಳಿಗೆ ಲ್ಯಾಬಿನ ಹಿಂದಿನ ಚಿಕ್ಕ ಕೋಣೆ ಸಾಕು. ಈ ರಾಜ್ಯಕ್ಕೆ ಬಂದ ಮೇಲೆ ಮೊದಲ ಸಲ ಲೆಕ್ಕ ಸರಿಹೋಯಿತು, ಸ್ವಲ್ಪ ಉಳಿಯಿತು ಕೂಡ. ಲೆಕ್ಕ ಹಾಕುವಾಗ ನನ್ನ ತುಟಿ ಅಲ್ಲಾಡುತ್ತದೆ ಎಂದು ನಗುತ್ತಿದ್ದೆಯಲ್ಲ, ಅದು ನನ್ನ ಮಗಳಿಗೂ ಗೊತ್ತು. ಅಷ್ಟು ಹೊತ್ತೂ ಅವಳು ನನ್ನ ತುಟಿಯನ್ನೇ ನೋಡುತ್ತಾ ನಿಂತಿದ್ದಳು.